ಬಾದಾಮೀಲಿ ಮುಂಗೈ ಬಿಗಿಯೋದಕ್ಕೆ
ಹಂಪೀಲಿ ಬೌಲ್ಡರಿಂಗ್ (ಹಗ್ಗ ಇಲ್ದೆ ಚಿಕ್ಕ ಬಂಡೆ ಹತ್ತೋದು) ಆರಾಮಾಗಿ ಮಾಡ್ತೀನಿ, ಬಾದಾಮೀಲಿ ಹಗ್ಗ ಕಟ್ಕೊಂಡು ಹತ್ತಿದ್ರೆ ಅರ್ಧಕ್ಕೇ ಮುಂಗೈ ಕಲ್ಲಾಗುತ್ತೆ, ಪ್ರೋಟೀನ್ ಪೌಡರ್ ತಗೊಳ್ಳಾ ಅಂತ ಕೇಳಿದೀರಲ್ಲ, ಇದಕ್ಕೆ ಪೌಡರ್ ಮದ್ದಲ್ಲ. ಬೌಲ್ಡರಿಂಗ್ ಅಂದ್ರೆ ಅರ್ಧ ನಿಮಿಷದ ಜೋರು, ಆಮೇಲೆ ಕೂತು ರೆಸ್ಟು. ಬಾದಾಮಿ ರೂಟಲ್ಲಿ ಐದ್ಹತ್ತು ನಿಮಿಷ ಗೋಡೆ ಮೇಲೇ ಇರ್ತೀರ, ಬಿಗಿಯಾಗಿ ಹಿಡಿದಷ್ಟೂ ಮುಂಗೈಗೆ ರಕ್ತ ಹೋಗೋದು ಕಮ್ಮಿಯಾಗುತ್ತೆ. ಆ ಮರಳುಗಲ್ಲಲ್ಲಿ ಒಳ್ಳೆ ಅಡ್ಡ ಸೀಳು ಸಿಕ್ಕಾಗ ತೂಕ ಕಾಲಿಗೆ ಹಾಕಿ, ಹಿಡಿದ ಕೈ ಮಡಚದೆ ನೇರ ಇಟ್ಟು ಇನ್ನೊಂದನ್ನ ಕೆಳಗೆ ಇಳಿಬಿಟ್ಟು ಒದರಿ, ಉಸಿರು ಪೂರ್ತಿ ಬಿಡಿ, ನಾನು ಹಗ್ಗಾನ ಬಂಡೆಯ ಕೊಕ್ಕೆಗೆ ಸಿಕ್ಕಿಸುವಾಗೆಲ್ಲ (ಕ್ಲಿಪ್) ಉಸಿರು ಹಿಡ್ಕೊಳ್ತಿದ್ದೆ, ಅದು ಬಿಟ್ಮೇಲೇ ಮೇಲಕ್ಕೆ ಮುಟ್ಟಿದ್ದು. ಹತ್ತೋಕೆ ಎರಡು ಗಂಟೆ ಮುಂಚೆ ಇಡ್ಲಿ ಇಲ್ಲಾ ಅವಲಕ್ಕಿ, ಮಧ್ಯೆ ಬಾಳೆಹಣ್ಣು, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ. ರಾತ್ರಿ ರೊಟ್ಟಿ ಜೊತೆ ಕಾಳುಪಲ್ಯ, ಮೊಟ್ಟೆ ತಿಂದ್ರೆ ಪ್ರೋಟೀನೂ ಆಯ್ತು.