ಪೈಪಿನ ಚರಂಡಿಯಲ್ಲಿ ಸಿಕ್ಕಿದ ಗುಹೆ: ಪ್ರತಿಕ್ರಿಯೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನೀರಿನ ಪೈಪಿಗೆ ಅಗೆಯುವಾಗ ಮುರಕಲ್ಲಿನಲ್ಲಿ (ಜಂಬಿಟ್ಟಿಗೆಯಲ್ಲಿ) ದುಂಡು ತೂತು, ಒಳಗೆ ಟೊಳ್ಳು, ಮಡಕೆ ಚೂರು ಕಂಡಿತು, ಇದು ನಿಧಿಯಾ ಅಂತ ಕೇಳಿದ್ದೀರಿ. ನೀವು ಹೇಳಿದ್ದು ನೋಡಿದರೆ ಬೃಹತ್ ಶಿಲಾಯುಗದ, ಅಂದರೆ ದೊಡ್ಡ ಕಲ್ಲಿನ ಸಮಾಧಿ ಮಾಡುತ್ತಿದ್ದ ಕಾಲದ, ಸಮಾಧಿ ಗುಹೆ ಇರಬೇಕು. ಕಾಸರಗೋಡು, ಕಣ್ಣೂರು ಕಡೆ ಇಂಥವು ಜಾಸ್ತಿ. ಸುಮಾರು 2000 ವರ್ಷಕ್ಕೂ ಹಳೆಯವು. ಮುರಕಲ್ಲನ್ನೇ ಕೊರೆದು ಮಾಡಿದ ಗುಮ್ಮಟದಂಥ ಕೋಣೆ, ಮಾಡಿನಲ್ಲಿ ತೂತು, ಬದಿಯಲ್ಲಿ ಬಾಗಿಲು. ಒಳಗೆ ಸಿಗುವುದು ಚಿನ್ನವಲ್ಲ ಮಾರಾಯ್ರೇ, ಮಡಕೆ ಮತ್ತು ತುಕ್ಕು ಹಿಡಿದ ಕಬ್ಬಿಣ. ಚೂರಿನ ಒಳಮೈ ಕಪ್ಪು, ಹೊರಗೆ ಮೇಲ್ಭಾಗ ಕಪ್ಪು, ಕೆಳಗೆ ಕೆಂಪು ಇದೆಯಾ ನೋಡಿ. ಇದ್ದರೆ ಅನುಮಾನ ಇನ್ನೂ ಕಡಿಮೆ.

ಮೊದಲು ಜೆಸಿಬಿ ನಿಲ್ಲಿಸಿ. ಮಡಕೆಯ ಮಣ್ಣನ್ನು ಸುಮ್ನೆ ಕೊಡವಬೇಡಿ, ತೊಳೆಯಬೇಡಿ. ಮೂಳೆ ಚೂರು ಇದ್ದರೆ ಆ ಮಣ್ಣಿನಲ್ಲೇ ಇರಬಹುದು. ಒಳಗೆ ಯಾರನ್ನೂ ಇಳಿಸಬೇಡಿ, ಗಾಳಿ ಕೆಟ್ಟಿರಬಹುದು. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ವಿಲೇಜ್ ಆಫೀಸಿಗೆ ಬರೆದುಕೊಡಿ. ನೆಲದೊಳಗೆ ಸಿಕ್ಕಿದ ಹಳೆಯ ವಸ್ತುಗಳ ಬಗ್ಗೆ ಕೇರಳದ 1968ರ ನಿಧಿ ಕಾಯ್ದೆ ಇದೆ, ಹಾಗಾಗಿ ವಿದ್ಯಾನಗರದ ಕಲೆಕ್ಟರ್ ಕಚೇರಿಗೂ ಒಂದು ಪ್ರತಿ ಇರಲಿ. ಪೈಪ್ ನಿಂತುಹೋಗುತ್ತದೆ ಅಂತ ಹೆದರುವವರಿಗೆ ಹೇಳಿ: ಚರಂಡಿಯನ್ನು ನಾಲ್ಕು ಮೀಟರ್ ಆಚೆ ತಿರುಗಿಸಬಹುದು, ಗುಹೆಯನ್ನು ಆಗುವುದಿಲ್ಲ ಅಲ್ವಾ.