ಬಿದಿರಿನ ಕೊಳಲಿನ ಊದೋ ರಂಧ್ರ ಕ್ಲೀನ್ ಮಾಡೋದು ಹೇಗೆ, ನಲ್ಲಿ ಕೆಳಗೆ ಹಿಡಿದು ತೊಳೀಬಹುದಾ?

ತೊಳೀಲೇಬೇಡಿ, ಬಿದಿರು ನೀರು ಕುಡಿದು ಆಮೇಲೆ ಒಣಗುವಾಗ ಸೀಳು ಬಿಡುತ್ತೆ. ನುಡಿಸಿ ಮುಗಿದ ತಕ್ಷಣ ತೆಳು ಕಡ್ಡಿಗೆ ಹಳೇ ಕಾಟನ್ ಬಟ್ಟೆ ಸುತ್ತಿ ತೆರೆದ ತುದಿಯಿಂದ ಒಳಗಿನ ತೇವ ಒರೆಸಿ, ಆದ್ರೆ ಊದೋ ರಂಧ್ರದ ಕಡೆ ತುದಿ ಮುಚ್ಚಿರೋ ಬಿರಡೆಗೆ ಗುದ್ದಬೇಡಿ, ಅದು ಸರಿದ್ರೆ ಶ್ರುತಿ ಕೆಡುತ್ತೆ. ರಂಧ್ರದ ಸುತ್ತ ಎಂಜಲು, ಲಿಪ್ ಬಾಮ್ ಜಿಡ್ಡು ಕೂತಿದ್ರೆ ಒದ್ದೆ ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿದ್ರೆ ಸಾಕು. ಪಿನ್ನು, ಬ್ಲೇಡು, ಸ್ಯಾಂಡ್ ಪೇಪರ್ ಅಂತೂ ಹತ್ರ ತರಬೇಡಿ, ಉಸಿರು ಬಡಿದು ನಾದ ಹುಟ್ಟೋದೇ ಆ ಅಂಚಲ್ಲಿ, ಅದು ಮೊಂಡಾದ್ರೆ ಬರೀ ಗಾಳಿ ಸದ್ದು. ಕೊಳಲು ತುಂಬಾ ಒಣಗಿದೆ ಅನ್ನಿಸಿದಾಗ ಬಾದಾಮಿ ಎಣ್ಣೆನೋ ಸಾಸಿವೆ ಎಣ್ಣೆನೋ ನಾಲ್ಕೈದು ಹನಿ ಒಳಗೆ ತೆಳ್ಳಗೆ ಸವರಿ. ಒದ್ದೆ ಇರುವಾಗ್ಲೇ ಪ್ಲಾಸ್ಟಿಕ್ ಕವರಿಗೆ ಹಾಕಿದ್ರೆ ಬೂಷ್ಟು ಹಿಡಿಯುತ್ತೆ, ಬಟ್ಟೆ ಚೀಲನೇ ಬೆಸ್ಟು.