‘ಪಾಪ್’ ಪದದೊಳಗಿನ ಜನ

ಪ್ರಶ್ನೆ: ನನ್ನ ಮಗಳು ಸದಾ ಪಾಪ್ ಹಾಡು ಕೇಳುತ್ತಿರುತ್ತಾಳೆ. ಮೊನ್ನೆ, “ಪಾಪ್ ಅಂದ್ರೆ ಏನಮ್ಮಾ, ಬಲೂನು ಒಡೆದ ಸದ್ದಾ?” ಅಂದಳು. ಉತ್ತರ ಹೊಳೆಯಲಿಲ್ಲ. ಅದಕ್ಕೆ ‘ಜನಪ್ರಿಯ ಸಂಗೀತ’ ಅನ್ನಬಹುದೇ? ಜಾಸ್, ರಾಕ್, ಡಿಸ್ಕೋ ಪದಗಳು ಎಲ್ಲಿಂದ ಬಂದವು?

ಉತ್ತರ: ಮಗಳ ಪ್ರಶ್ನೆ ತುಂಬಾ ಹಿಡಿಸಿತು. ಕ್ಯಾಸೆಟ್ಟಿನ ಕಾಲದಲ್ಲಿ ನಾನು ಡಬ್ಬಿಗಳ ಮೇಲೆ ‘ಪಾಪ್’, ‘ಜಾಸ್’ ಅಂತ ಚೀಟಿ ಅಂಟಿಸಿ ಜೋಡಿಸಿಡುತ್ತಿದ್ದೆ. ಈ ಪದಗಳ ಬೆನ್ನು ಹತ್ತಿದ್ದು ಆಗಲೇ.

ಇಂಗ್ಲಿಷಿನಲ್ಲಿ ಟಪ್ ಅನ್ನೋ ಸದ್ದಿಗೂ ‘ಪಾಪ್’ ಅಂತಾರೆ. ಆದರೆ ಹಾಡಿನ ಪಾಪ್ ಬೇರೆ. ಅದು ‘ಪಾಪ್ಯುಲರ್’ ಪದದ ಮೊಟಕು ರೂಪ. ಅದರ ಬೇರು ಲ್ಯಾಟಿನ್ನಿನ ‘ಪೊಪುಲುಸ್’, ಅಂದರೆ ಜನ.

1859ರಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಹಾಲ್‌ನಲ್ಲಿ ಸೋಮವಾರದ ‘ಪಾಪ್ಯುಲರ್ ಕಾನ್ಸರ್ಟ್’ಗಳು ಶುರುವಾದವು. ಒಂದು ಶಿಲ್ಲಿಂಗಿಗೂ ಸೀಟು ಸಿಗುತ್ತಿತ್ತು. ಜನ ಪ್ರೀತಿಯಿಂದ ‘ಮಂಡೇ ಪಾಪ್ಸ್’ ಅಂದರು. ಅಲ್ಲಿ ನುಡಿಸುತ್ತಿದ್ದದ್ದು ಏನು ಗೊತ್ತಾ? ಬೀಥೋವನ್, ಮೊಜಾರ್ಟ್! ಇವತ್ತು ನಾವು ಅಪ್ಪಟ ಶಾಸ್ತ್ರೀಯ ಅನ್ನೋ ಸಂಗೀತ. ಆಗ ಪಾಪ್ ಅನ್ನುವುದು ಒಂದು ಶೈಲಿಯ ಹೆಸರಾಗಿರಲಿಲ್ಲ. ಎಲ್ಲರೂ ಒಳಗೆ ಬರಬಹುದು ಅನ್ನುವುದಷ್ಟೇ ಅದರ ಅರ್ಥ. ಈ ಕತೆ ಎಷ್ಟು ಸಲ ಹೇಳಿದರೂ ನನಗೆ ಖುಷಿ. ‘ಪಾಪ್ ಸಾಂಗ್’ ಅನ್ನೋ ಮಾತು ಕಾಣಿಸಿಕೊಂಡದ್ದು 1920ರ ದಶಕದಲ್ಲಿ, ಅಮೆರಿಕದಲ್ಲಿ.

ಇನ್ನು ‘ಜನಪ್ರಿಯ’. ತಪ್ಪೇನಿಲ್ಲ, ಆದರೆ ಅರ್ಧ ಅರ್ಥ ಮಾತ್ರ ಬರುತ್ತದೆ. ಜನಕ್ಕೆ ಪ್ರಿಯವಾದದ್ದು ಅನ್ನುತ್ತದೆ, ಜನರದ್ದು ಅನ್ನುವುದಿಲ್ಲ. ಆ ಭಾವ ‘ಜನಪದ’ದಲ್ಲಿದೆ, ಆದರೆ ಆ ಹೆಸರು ಆಗಲೇ ಬೇರೆ ಹಾಡುಗಳ ಪಾಲಾಗಿದೆ. ಮೇಲಾಗಿ, ಯಾರೂ ಕೇಳದ ಪಾಪ್ ಹಾಡೂ ಪಾಪ್ ಹಾಡೇ ಅಲ್ವಾ? ಅದಕ್ಕೆ ಜನಪ್ರಿಯ ಅನ್ನೋದು ಹೇಗೆ? ಆ ಶೈಲಿಗೆ ಸುಮ್ನೆ ಪಾಪ್ ಅನ್ನಿ. ಜಾಸ್, ರಾಕ್, ಡಿಸ್ಕೋ ಎಲ್ಲ ಸೇರಿಸಿ ಹೇಳುವಾಗ ‘ಜನಪ್ರಿಯ ಸಂಗೀತ’ ಸರಿಹೋಗುತ್ತದೆ.

‘ಜಾಸ್’ ಮೊದಲು ಅಚ್ಚಾದದ್ದು ಆಟದ ಸುದ್ದಿಯಲ್ಲಿ. 1912ರಲ್ಲಿ ಲಾಸ್ ಏಂಜಲೀಸಿನ ಪತ್ರಿಕೆಯೊಂದರಲ್ಲಿ ಬೇಸ್‌ಬಾಲ್ ಎಸೆತವೊಂದಕ್ಕೆ ಆ ಹೆಸರಿತ್ತು. ಮೂರು ವರ್ಷದಲ್ಲೇ ಷಿಕಾಗೋದಲ್ಲಿ ಸಂಗೀತಕ್ಕೆ ಅಂಟಿಕೊಂಡಿತು. ‘ರಾಕ್’ ಬಂಡೆಯಲ್ಲ, ತೂಗಾಡುವುದು. 1951ರಿಂದ ರೇಡಿಯೋದಲ್ಲಿ ‘ರಾಕ್ ಅಂಡ್ ರೋಲ್’ ಹೆಸರನ್ನು ಮನೆಮಾತಾಗಿಸಿದವರು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ನಿರೂಪಕ ಅಲನ್ ಫ್ರೀಡ್.

ಡಿಸ್ಕೋ ಕತೆ ಮಗಳಿಗೆ ಹೇಳಲೇಬೇಕು. ಫ್ರೆಂಚರು ಗ್ರಂಥಾಲಯಕ್ಕೆ ‘ಬಿಬ್ಲಿಯೋತೆಕ್’ ಅಂತಾರೆ. ಅದೇ ಅಚ್ಚಿನಲ್ಲಿ ಗ್ರಾಮಫೋನ್ ತಟ್ಟೆಗಳ ಸಂಗ್ರಹಕ್ಕೆ ‘ಡಿಸ್ಕೋತೆಕ್’ ಅಂದರು. ಮುಂದೆ ಅದು ತಟ್ಟೆ ಹಾಕಿ ಕುಣಿಯುವ ಜಾಗದ ಹೆಸರಾಯಿತು. ಆಮೇಲೆ ಬಾಲ ಉದುರಿ, ಅಲ್ಲಿ ಕುಣಿಸುವ ಹಾಡಿನ ಹೆಸರೇ ಆಯಿತು.